ಜೀವಕೋಶ ಅಮರವಾಗಬೇಕಾ? ಮೊದಲು ಪ್ಯೂರೊಮೈಸಿನ್ ಅಳತೆ ಸರಿಮಾಡಿಕೊಳ್ಳಿ

ಮನುಷ್ಯನ ಫೈಬ್ರೋಬ್ಲಾಸ್ಟ್ ಕೋಶಗಳು (ಚರ್ಮದಂಥ ಅಂಗಗಳಲ್ಲಿ ಅಂಗಾಂಶವನ್ನು ಹಿಡಿದಿಡುವ ಕೋಶಗಳು) ಪ್ಲೇಟಿನಲ್ಲಿ ಎಷ್ಟೇ ಚೆನ್ನಾಗಿ ಬೆಳೆದರೂ ಸುಮಾರು 50 ಸಲ ದುಪ್ಪಟ್ಟಾದ ಮೇಲೆ ನಿಂತುಬಿಡುತ್ತವೆ. ಹೇಫ್ಲಿಕ್ ಮತ್ತು ಮೂರ್‌ಹೆಡ್ ಇದನ್ನು 1961ರಲ್ಲೇ ತೋರಿಸಿದ್ದರು. ವಿಭಜನೆಯಾದಾಗಲೆಲ್ಲ ಕ್ರೋಮೋಸೋಮಿನ ತುದಿಯ ಟೆಲೊಮಿಯರ್ ಒಂಚೂರು ಸವೆಯುತ್ತದೆ. ಅದನ್ನು ಮತ್ತೆ ಕಟ್ಟುವ ಟೆಲೊಮರೇಸ್ ಕಿಣ್ವದ ಟರ್ಟ್ ಜೀನನ್ನು ಒಂದು ವೈರಸ್ಸಿನ ಮೂಲಕ ಒಳಗೆ ಸೇರಿಸಿದರೆ ಕೋಶ ಬೆಳೆಯುತ್ತಲೇ ಇರುತ್ತದೆ. ಪ್ಯೂರೊಮೈಸಿನ್ ಕೋಶಗಳನ್ನು ಕೊಲ್ಲುವ ಔಷಧಿ; ಟರ್ಟ್ ಜೊತೆ ಅದನ್ನು ತಾಳಿಕೊಳ್ಳುವ ಜೀನನ್ನೂ ಕಳಿಸುವುದರಿಂದ, ಜೀನ್ ಸೇರಿದ ಕೋಶಗಳಷ್ಟೇ ಅದರಲ್ಲಿ ಉಳಿಯುತ್ತವೆ.

ಹಂತ 1: ಎಳೆಯ ಕೋಶಗಳನ್ನೇ ತಗೊಳ್ಳಿ. ಅಗಲವಾಗಿ ಹರಡಿಕೊಂಡು ಸುಸ್ತಾದವು ಬೇಡ. ಕೆಲವು ವೈಲ್ ಮೊದಲೇ ಫ್ರೀಜ್ ಮಾಡಿಡಿ.

ಹಂತ 2: ಫೈಬ್ರೋಬ್ಲಾಸ್ಟ್‌ಗೆ ಸಾಮಾನ್ಯವಾಗಿ ಟರ್ಟ್ ಒಂದೇ ಸಾಕು. ಎಸ್‌ವಿ40 ವೈರಸ್ಸಿನ ಲಾರ್ಜ್ ಟಿ ಪ್ರೋಟೀನ್ ಬೇಗ ಕೆಲಸ ಮಾಡುತ್ತದೆ ಅಂತ ಅದರ ಹಿಂದೆ ಹೋಗಬೇಡಿ. ಅದು ಕೋಶ ವಿಭಜನೆಗೆ ಬ್ರೇಕ್ ಹಾಕುವ ಪ್ರೋಟೀನ್‌ಗಳಾದ ಪಿ53 ಮತ್ತು ಆರ್‌ಬಿ ಎರಡನ್ನೂ ಕಟ್ಟಿಹಾಕುತ್ತದೆ, ಆಮೇಲೆ ಕ್ರೋಮೋಸೋಮ್‌ಗಳು ಅಡ್ಡಾದಿಡ್ಡಿ.

ಹಂತ 3: ಎಲ್ಲರೂ ಎಡವುವುದು ಇಲ್ಲೇ. ಟರ್ಟ್ ಹೊತ್ತ ವೈರಸ್ ಮುಟ್ಟುವ ಮೊದಲು ನಿಮ್ಮದೇ ಕೋಶಗಳ ಮೇಲೆ ಪ್ಯೂರೊಮೈಸಿನ್ ಪರೀಕ್ಷೆ ಮಾಡಿ. ಪಕ್ಕದ ಲ್ಯಾಬಿನವರ ಅಳತೆ ನಕಲು ಮಾಡಿದರೆ ಒಂದೋ ಎಲ್ಲವೂ ಸಾಯುತ್ತವೆ, ಇಲ್ಲವೇ ಜೀನ್ ಇಲ್ಲದವೂ ಬದುಕುತ್ತವೆ. ಆರು ಗುಳಿಗಳಿರುವ (ವೆಲ್) ಪ್ಲೇಟಿನಲ್ಲಿ ಮಿಲಿಲೀಟರಿಗೆ 0, 0.25, 0.5, 1, 2 ಮತ್ತು 4 ಮೈಕ್ರೋಗ್ರಾಂ ಹಾಕಿ, ಮೂರು ನಾಲ್ಕು ದಿನದಲ್ಲಿ ಎಲ್ಲವನ್ನೂ ಕೊಲ್ಲುವ ಅತಿ ಕಡಿಮೆ ಅಳತೆ ಹಿಡಿಯಿರಿ. ಕೋಶ ಒತ್ತೊತ್ತಾಗಿದ್ದರೆ ಈ ಲೆಕ್ಕ ಸುಳ್ಳಾಗುತ್ತದೆ, ಅದಕ್ಕೇ ವೈರಸ್ ಹಾಕುವ ದಿನ ಎಷ್ಟು ದಟ್ಟವಾಗಿರುತ್ತವೋ ಅಷ್ಟೇ ಇಲ್ಲೂ ಇರಲಿ. ಸತ್ತವು ದುಂಡಗಾಗಿ, ಹೊಳೆಯುತ್ತಾ ತೇಲುತ್ತವೆ. ತೊಳೆದು ತೆಗೆದು ಆಮೇಲೆ ನೋಡಿ.

ವೈರಸ್ ಕೊಟ್ಟ ಮರುದಿನ ಮೀಡಿಯಂ (ಕೋಶ ಬೆಳೆಯುವ ಪೋಷಕ ದ್ರವ) ಬದಲಿಸಿ, ಇನ್ನೊಂದು ದಿನ ಬಿಟ್ಟು ಪ್ಯೂರೊಮೈಸಿನ್ ಹಾಕಿ. ಜೊತೆಗೆ ವೈರಸ್ ಕೊಡದ ಒಂದು ಪ್ಲೇಟ್ ಇರಲೇಬೇಕು, ಅದು ಪೂರ್ತಿ ಸಾಯುವ ತನಕ ಔಷಧಿ ನಿಲ್ಲಿಸಬೇಡಿ. ಹಾಂ, ಕರಗಿಸಿ ಮತ್ತೆ ಫ್ರೀಜ್ ಮಾಡಿದ ವೈರಸ್ ಬಳಸುವ ಜಿಪುಣತನ ಬೇಡ. ಪ್ರತಿ ಸಲವೂ ಅದರ ಶಕ್ತಿ ಇಳಿಯುತ್ತದೆ.

ಹಂತ 4: ಉಳಿದವನ್ನು ಬೆಳೆಸುತ್ತಾ ಹೋಗಿ, ಆದರೆ ಬರೀ ಪ್ಯಾಸೇಜ್ (ಪಾಲು ಮಾಡಿ ಹೊಸ ಪ್ಲೇಟಿಗೆ ದಾಟಿಸಿದ ಸಲ) ಎಣಿಸಬೇಡಿ. ಎರಡು ಪಾಲು ಮಾಡಿ ಮತ್ತೆ ತುಂಬಿಸಿದರೆ ಒಂದು ದುಪ್ಪಟ್ಟು, ಎಂಟು ಪಾಲು ಮಾಡಿದರೆ ಮೂರು. ಪ್ಯಾಸೇಜ್ ಪುಸ್ತಕದಲ್ಲಿ ಎರಡಕ್ಕೂ ಒಂದೇ ಗೆರೆ! ವೈರಸ್ ಕೊಡದ ಮೂಲ ಕೋಶಗಳು ನಿಂತುಹೋಗಿ, ಇವು ಅದಕ್ಕಿಂತ ತುಂಬಾ ಮುಂದೆ ಹೋದಾಗಷ್ಟೇ ಅಮರ ಅನ್ನಿ.

ಹಂತ 5: ಎಸ್‌ಟಿಆರ್ ಪರೀಕ್ಷೆ (ಡಿಎನ್ಎ ನೋಡಿ ಕೋಶ ಯಾರದ್ದೆಂದು ಗುರುತಿಸುವುದು) ಮಾಡಿಸಿ, ಜೋರಾಗಿ ಬೆಳೆಯುವ ಕ್ಯಾನ್ಸರ್ ಕೋಶವಾದ ಹೀಲಾ ನುಸುಳಿ ಇನ್ನೊಂದರ ಹೆಸರಲ್ಲಿ ಬೆಳೆದದ್ದು ಎಷ್ಟೋ ಇದೆ. ಮೈಕೊಪ್ಲಾಸ್ಮಾ ಎಂಬ ಪುಟ್ಟ ಬ್ಯಾಕ್ಟೀರಿಯಾದ ಪರೀಕ್ಷೆಯೂ ಬೇಕು. ಪೆನಿಸಿಲಿನ್ ಹಾಕಿದ್ದೀವಲ್ಲ ಅಂತ ಸುಮ್ನಿರಬೇಡಿ, ಮೈಕೊಪ್ಲಾಸ್ಮಾಕ್ಕೆ ಕೋಶಗೋಡೆಯೇ ಇಲ್ಲ, ಪೆನಿಸಿಲಿನ್ ಏನು ಮಾಡೀತು?