ಸಿಬಿಟಿಗೆ ಹೋಗಿದ್ದು: ನನ್ನ ಅನುಭವ

ಸಿಬಿಟಿಗೆ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ, ಅಂದ್ರೆ ಯೋಚನೆ, ನಡವಳಿಕೆ ಎರಡನ್ನೂ ತಿದ್ದೋ ಮಾತಿನ ಚಿಕಿತ್ಸೆ) ಹೋಗ್ತಿದೀನಿ ಅಂದಾಗ ನಮ್ಮ ಭಾವ ಕೇಳಿದ್ದು, "ಅದ್ರಲ್ಲಿ ತಲೆಗೆ ಕರೆಂಟ್ ಕೊಡ್ತಾರೇನೋ?" ಅಂತ. ತಮಾಷೆಗಲ್ಲ, ಸೀರಿಯಸ್ಸಾಗೇ. ಕರೆಂಟೂ ಇಲ್ಲ, ಸೋಫಾ ಮೇಲೆ ಮಲಗಿಸಿ ಚಿಕ್ಕವಯಸ್ಸಿನ ಕಥೆ ಕೇಳೋದೂ ಇಲ್ಲ. ಕೂತ್ಕೊಂಡು ಕೆಲಸ ಮಾಡಿಸ್ತಾರೆ, ಮನೆಗೂ ಕೆಲಸ ಕೊಟ್ಟು ಕಳಿಸ್ತಾರೆ, ಅಷ್ಟೇ. ಈಗ ಹೋಗ್ಬೇಕು ಅಂತಿರೋರು ಸುಮಾರು ಜನ ಕೇಳ್ತಾರೆ ಅಂತ ಬರೀತಿದೀನಿ.

ನನ್ನದು ಪ್ಯಾನಿಕ್ ಅಟ್ಯಾಕ್. ಕುಶಾಲನಗರ ಹತ್ರ ಒಂದು ಕಾಫಿ ಕ್ಯೂರಿಂಗ್‌ನಲ್ಲಿ ಲೆಕ್ಕ ಬರೆಯೋ ಕೆಲಸ ನಂದು, ಅಕ್ಕನ್ನ ಕೊಟ್ಟಿರೋದು ಸುಳ್ಯಕ್ಕೆ. ಬಸ್ಸು ಮಡಿಕೇರಿ ದಾಟಿ ಮದೆನಾಡು ಕಡೆ ಇಳೀತಿದ್ದಂಗೆ ಎದೆ ಹೊಡ್ಕೊಳ್ಳೋದು, ಕೈಬೆರಳು ಜುಮ್ ಅನ್ನೋದು, ಉಸಿರೇ ಸಾಲ್ತಿಲ್ಲ ಅನ್ಸೋದು, ಇಲ್ಲೇ ಸತ್ತೆ ಅನ್ನೋ ಯೋಚನೆ. ಆಮೇಲಾಮೇಲೆ ಅಕ್ಕನ ಮನೆ ಗೃಹಪ್ರವೇಶಕ್ಕೂ ನೆಪ ಹೇಳೋ ಥರ ಆಯ್ತು. ಇಸಿಜಿ, ಎಕೋ, ಥೈರಾಯ್ಡ್ ಎಲ್ಲಾ ನಾರ್ಮಲ್. ಗ್ಯಾಸ್ಟ್ರಿಕ್ ಅಂತ ಮಾತ್ರೆ ನುಂಗಿದ್ದೇ ನುಂಗಿದ್ದು, ನಮ್ಮ ಕಡೆ ಎದೆನೋವಿಂದ ಹಿಡಿದು ಸಾಲದ ಚಿಂತೆ ತನಕ ಎಲ್ಲಾ ಗ್ಯಾಸ್ಟ್ರಿಕ್ಕೇ. ಭಾವ ಒಂದು ಪೆಗ್ ಹಾಕ್ಕೊಂಡು ಬಸ್ ಹತ್ತು ಅಂದ್ರು, ಅಮ್ಮ ಹರಕೆ ಹೊತ್ರು. ಕೊನೆಗೆ ಒಬ್ಬ ಡಾಕ್ಟ್ರು ಇದು ಹಾರ್ಟಿಂದಲ್ಲ ಮಾರಾಯ, ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ರ ಹೋಗು ಅಂತ ಮೈಸೂರಿಗೆ ಕಳಿಸಿದ್ರು. ನೀವೂ ಹೋಗೋದಾದ್ರೆ ಇಂಥ ರಿಪೋರ್ಟ್‌ಗಳನ್ನೆಲ್ಲ ತಗೊಂಡೇ ಹೋಗಿ, ಸೈಕಾಲಜಿಸ್ಟ್ ಮೇಡಂ ಮೊದಲು ಕೇಳಿದ್ದೇ ಅವನ್ನ. ದೇಹದಲ್ಲಿ ನಿಜವಾದ ತೊಂದರೆ ಏನೂ ಇಲ್ಲ ಅಂತ ಗೊತ್ತಾಗದೆ ಮುಂದಿನದು ಶುರು ಮಾಡಲ್ಲ.

ಮೊದಲನೇ ಸಲ ಬರೀ ಪ್ರಶ್ನೆ. ನಿದ್ದೆ, ಕುಡಿತ, ಮನೆ, ಕೆಲಸ, ಸಾಯ್ಬೇಕು ಅಂತ ಯಾವತ್ತಾದ್ರೂ ಅನ್ಸಿದ್ಯಾ ಅಂತಾನೂ ನೇರವಾಗಿ ಕೇಳ್ತಾರೆ, ಗಾಬರಿ ಆಗ್ಬೇಡಿ, ಎಲ್ಲರಿಗೂ ಕೇಳ್ತಾರೆ. ಫಾರ್ಮೂ ಕೊಟ್ರು, ಆತಂಕಕ್ಕೆ 7 ಪ್ರಶ್ನೆಯದು, ಖಿನ್ನತೆಗೆ 9 ಪ್ರಶ್ನೆಯದು, ಒಂದೊಂದಕ್ಕೂ 0ಯಿಂದ 3ರ ತನಕ ಮಾರ್ಕು. ಮಧ್ಯೆ ಮಧ್ಯೆ ಮತ್ತೆ ಅದನ್ನೇ ತುಂಬಿಸ್ತಾರೆ, ಇಳೀತಿದ್ಯಾ ಏರ್ತಿದ್ಯಾ ನೋಡೋಕೆ. "ಇದೆಲ್ಲ ಮುಗಿದಾಗ ನೀವು ಏನು ಮಾಡೋ ಹಾಗೆ ಆಗ್ಬೇಕು?" ಅಂದ್ರು. ಸಮಾಧಾನವಾಗಿರ್ಬೇಕು ಅಂದೆ. ಅದು ಬೇಡ, ಕಣ್ಣಿಗೆ ಕಾಣೋಂಥದ್ದು ಹೇಳಿ ಅಂದ್ರು. ಒಬ್ಬನೇ ಬಸ್ಸಲ್ಲಿ ಸುಳ್ಯಕ್ಕೆ ಹೋಗಿ ಬರ್ಬೇಕು ಅಂತ ಬರ್ಸಿದ್ರು. ನಿಜ ಹೇಳ್ಬೇಕಂದ್ರೆ ಅವತ್ತು ದುಡ್ಡು ದಂಡ ಅನ್ಸ್ತು, ಒಂದು ಸಮಾಧಾನದ ಮಾತಿಲ್ಲ, ಸಲಹೆ ಇಲ್ಲ.

ಸಾಮಾನ್ಯವಾಗಿ ವಾರಕ್ಕೊಂದು ಸೆಷನ್, ಮುಕ್ಕಾಲರಿಂದ ಒಂದು ಗಂಟೆ, ತೊಂದರೆ ನೋಡ್ಕೊಂಡು 6ರಿಂದ 20 ಸೆಷನ್ ತನಕ ಆಗುತ್ತೆ. ವರ್ಷಗಟ್ಟಲೆ ಎಳೆಯೋದಲ್ಲ. ಪ್ರತಿ ಸಲ ಒಂದೇ ಕ್ರಮ, ವಾರ ಹೇಗಿತ್ತು, ಮನೆಕೆಲಸ ಏನಾಯ್ತು, ಇವತ್ತು ಏನು ಮಾಡೋಣ, ಮುಂದಿನ ವಾರಕ್ಕೇನು. ಮಳೆಗಾಲದಲ್ಲಿ ಮೈಸೂರಿಗೆ ಹೋಗೋಕಾಗ್ದೆ ವಿಡಿಯೋ ಕಾಲಲ್ಲೇ ಮಾಡಿದ್ವಿ. ಕರೆಂಟ್ ಹೋದ್ರೆ ಟವರೂ ಹೋಗುತ್ತಲ್ಲ ನಮ್ಮಲ್ಲಿ, ಕೊಡೆ ಹಿಡ್ಕೊಂಡು ತೋಟದ ಮೇಲಿನ ಕಣಕ್ಕೆ ಹೋಗಿ ನಿಂತು ಮಾತಾಡಿದ್ದೂ ಇದೆ, ಕೆಲಸದವರು ನೋಡಿ ಯಾರ ಜೊತೆ ಜಗಳ ಅಂದ್ಕೊಂಡ್ರೋ ಏನೋ.

ಮನೆಕೆಲಸ ಅಂದ್ರೆ ಮೊದಲು ಬರೆಯೋದು. ಒಂದು ನೋಟ್‌ಬುಕ್ಕಲ್ಲಿ ಗೆರೆ ಹಾಕಿ, ಎಲ್ಲಿದ್ದೆ, ತಲೆಗೆ ಏನು ಬಂತು, ಅದನ್ನ ನೂರಕ್ಕೆ ಎಷ್ಟು ನಂಬಿದೆ, ಅದು ನಿಜ ಅನ್ನೋಕೆ ಏನು ಸಾಕ್ಷಿ, ಅಲ್ಲ ಅನ್ನೋಕೆ ಏನು. ನಂದು ಹೀಗಿತ್ತು. ಹಾರ್ಟ್ ಅಟ್ಯಾಕ್ ಆಗ್ತಿದೆ, ಇಲ್ಲಿ ಆಸ್ಪತ್ರೆ ಇಲ್ಲ, ಸತ್ತೆ. ನಂಬಿಕೆ 90. ಸಾಕ್ಷಿ, ಎದೆ ಹೊಡ್ಕೊಳ್ತಿದೆ. ವಿರುದ್ಧ, ಇಷ್ಟು ಸಲ ಹೀಗೇ ಆಗಿ ಒಂದ್ಸಲಾನೂ ಸತ್ತಿಲ್ಲ, ಇಸಿಜಿ ಸರಿಯಿದೆ, ಗೊಬ್ಬರದ ಮೂಟೆ ಹೊತ್ಕೊಂಡು ಏರು ಹತ್ತಿದ್ರೆ ಇದಕ್ಕಿಂತ ಜೋರಾಗಿ ಹೊಡ್ಕೊಳ್ಳುತ್ತೆ, ಆಗ ನನಗೇನೂ ಅನ್ಸಲ್ಲ. ಇಷ್ಟು ಬರೆದ್ರೆ 90 ಇದ್ದಿದ್ದು 60ಕ್ಕೆ ಬಂತು, ಸೊನ್ನೆಗೇನೂ ಬರಲ್ಲ, ಬರ್ಬೇಕೂಂತಿಲ್ಲ. ಇದನ್ನ ಪಾಸಿಟಿವ್ ಥಿಂಕಿಂಗ್ ಅನ್ನೋರು ಇದಾರೆ, ನನಗೆ ಹಂಗನ್ಸಲ್ಲ. ಒಳ್ಳೇದನ್ನೇ ಯೋಚನೆ ಮಾಡಿ ಅಂತ ಮೇಡಂ ಒಂದಿನಾನೂ ಹೇಳಿಲ್ಲ, ಲೆಕ್ಕ ತಾಳೆ ನೋಡಿ ಅಂದ್ರು.

ಆದ್ರೆ ಬರೆದಿದ್ದರಿಂದಲ್ಲ ನನಗೆ ನಂಬಿಕೆ ಬಂದಿದ್ದು. ಒಂದಿನ ಮೇಡಂ ಕುರ್ಚಿಯಲ್ಲಿ ಕೂರಿಸಿ ಒಂದು ನಿಮಿಷ ಜೋರಾಗಿ, ಬೇಗ ಬೇಗ ಉಸಿರಾಡಿ ಅಂದ್ರು, ಅವರೂ ಜೊತೇಲಿ ಆಡಿದ್ರು. ನಿಮಿಷ ಮುಗಿಯೋ ಮುಂಚೆನೇ ಅದೇ ಬೆರಳು ಜುಮ್, ಅದೇ ತಲೆ ಹಗುರ, ಅದೇ ಎದೆ. ಘಾಟಲ್ಲಿ ಆಗೋದೆಲ್ಲ ಮೈಸೂರಿನ ರೂಮಲ್ಲಿ ಫ್ಯಾನ್ ಕೆಳಗೆ ಆಯ್ತು! ಆನೆ ಬರದೇನೇ ಪಟಾಕಿ ಹೊಡೆದಂಗೆ ದೇಹ ಸುಮ್ನೆ ಗಲಾಟೆ ಮಾಡೋದು, ಆ ಗಲಾಟೆ ಕೇಳಿ ನಾನು ಆನೆ ಬಂತು ಅಂದ್ಕೊಂಡು ಇನ್ನೂ ಹೆದರೋದು, ಹೆದರಿದ್ದಕ್ಕೆ ಎದೆ ಇನ್ನೂ ಜೋರು. ಈ ಸುತ್ತು ಆವತ್ತು ಕಣ್ಣಿಗೆ ಕಂಡಂಗಾಯ್ತು. ಸ್ಟ್ರಾ ಬಾಯಲ್ಲಿಟ್ಕೊಂಡು ಉಸಿರಾಡೋದು, ನಿಂತಲ್ಲೇ ಓಡೋದು, ಇವೆಲ್ಲ ಆಮೇಲೆ ಮನೇಲಿ ದಿನಾ. ಹಾರ್ಟ್ ತೊಂದರೆ, ಆಸ್ತಮಾ, ಫಿಟ್ಸ್ ಇರೋರು, ಬಸುರಿಯರು ಇದನ್ನ ಓದ್ಕೊಂಡು ಸ್ವಂತಕ್ಕೆ ಮಾಡ್ಬೇಡಿ.

ಇನ್ನೊಂದು, ಬಸ್ಸಲ್ಲಿ ಬಾಗಿಲ ಪಕ್ಕದ ಸೀಟು, ಕೈಯಲ್ಲಿ ನೀರಿನ ಬಾಟ್ಲಿ, ಮಣಿಕಟ್ಟು ಹಿಡಿದು ನಾಡಿ ನೋಡ್ಕೊಳ್ಳೋದು, ದಾರಿಯುದ್ದಕ್ಕೂ ಹೆಂಡ್ತಿ ಜೊತೆ ಫೋನು, ಭಾವ ಹೇಳಿದ ಪೆಗ್ಗೂ. ಇವೇ ನನ್ನ ಕಾಪಾಡ್ತಿರೋದು ಅಂದ್ಕೊಂಡಿದ್ದೆ. ಇವುಗಳಿಂದಾನೇ ಭಯ ಬದುಕ್ಕೊಂಡಿರೋದು, ಒಂದೊಂದಾಗಿ ಬಿಡಿ ಅಂದ್ರು. ಯಾವುದಕ್ಕೆ ನೂರಕ್ಕೆ ಎಷ್ಟು ಭಯ ಅಂತ ಮೆಟ್ಟಿಲು ಥರ ಪಟ್ಟಿ ಮಾಡಿದ್ವಿ, ಮಡಿಕೇರಿ ಬಸ್ಸಲ್ಲಿ ಹಿಂದಿನ ಸೀಟು 30, ಕಾರಲ್ಲಿ ಯಾರದೋ ಜೊತೆ ಘಾಟ್ ಕೆಳಗಿನ ಸಂಪಾಜೆ 60, ಒಬ್ಬನೇ ಬಸ್ಸಲ್ಲಿ ಸುಳ್ಯ 85. ಕೆಳಗಿಂದ ಶುರು, ಭಯ ಬಂದ್ರೆ ಇಳಿದು ಓಡಿಹೋಗೋ ಹಾಗಿಲ್ಲ, ತಾನಾಗಿ ಕಮ್ಮಿ ಆಗೋ ತನಕ ಕೂತಿರ್ಬೇಕು. ಈ ಹೊತ್ತಲ್ಲಿ ಮೊದಲಿಗಿಂತ ಜಾಸ್ತಿ ಕಷ್ಟ ಅನ್ಸುತ್ತೆ, ಸುಮಾರು ಜನ ಬಿಟ್ಟು ಹೋಗೋದು ಇಲ್ಲೇ ಅಂತೆ. ಬಿಡೋ ಮುಂಚೆ ಥೆರಪಿಸ್ಟ್‌ಗೆ ಬಾಯಿಬಿಟ್ಟು ಹೇಳಿ, ಮೆಟ್ಟಿಲನ್ನ ಇನ್ನೂ ಸಣ್ಣದು ಮಾಡ್ತಾರೆ.

ನಮ್ಮೂರಿನ ಒಂದು ವಿಷಯ ಬೇರೆ. 2018ರ ಆಗಸ್ಟಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಜಾರಿದ್ದು ನೋಡಿದೋರಿಗೆ ಮಳೆ ಭಯ ಬರೀ ಮನಸ್ಸಿಂದು ಅಂತ ಹೇಳಕ್ಕಾಗುತ್ತಾ? ಮೇಡಂ ಅದನ್ನ ಬಿಡಿಸಿ ಇಟ್ರು. ಗುಡ್ಡದ ಭಯ ಬೇರೆ, ಎದೆ ನಿಂತೋಗುತ್ತೆ ಅನ್ನೋ ಭಯ ಬೇರೆ, ನಾವು ಕೆಲಸ ಮಾಡ್ತಿರೋದು ಎರಡನೇದ್ರ ಮೇಲೆ. ರೆಡ್ ಅಲರ್ಟ್ ಇರೋ ದಿನ ಘಾಟ್ ಇಳಿಯದೇ ಇರೋದು ತಪ್ಪಿಸ್ಕೊಳ್ಳೋದಲ್ಲ, ಬುದ್ಧಿ. ಬಿಸಿಲಿದ್ದಾಗ್ಲೂ ಹೋಗದೇ ಇದ್ರೆ ಅದು ಕಾಯಿಲೆ. ಕಣ್ಣಾರೆ ಕಂಡಿದ್ದೇ ಕನಸಲ್ಲಿ ಬಂದು ಎಬ್ಬಿಸೋರಿಗೆ ಆಘಾತದ ಚಿಕಿತ್ಸೆ ಅಂತ ಬೇರೆ ಕ್ರಮನೇ ಇದೆ, ಮೊದಲನೇ ದಿನಾನೇ ಅದನ್ನ ಹೇಳ್ಬಿಡಿ.

ಸೈಕಾಲಜಿಸ್ಟ್ ಮಾತ್ರೆ ಬರೆಯಲ್ಲ, ಬೇಕಂದ್ರೆ ಸೈಕಿಯಾಟ್ರಿಸ್ಟ್, ಅಂದ್ರೆ ಮಾತ್ರೆ ಬರೆಯೋ ಮಾನಸಿಕ ಡಾಕ್ಟ್ರ ಹತ್ರ ಕಳಿಸ್ತಾರೆ, ಎರಡೂ ಒಟ್ಟಿಗೆ ನಡೆಯುತ್ತೆ. ಈಗಾಗ್ಲೇ ಮಾತ್ರೆ ತಗೊಳ್ತಿರೋರು ಥೆರಪಿ ಶುರುವಾಯ್ತು ಅಂತ ಸ್ವಂತ ಬುದ್ಧಿಯಿಂದ ನಿಲ್ಲಿಸ್ಬೇಡಿ.

ಕೊನೆಕೊನೆಗೆ ಸೆಷನ್ ಹದಿನೈದು ದಿನಕ್ಕೊಂದು, ಆಮೇಲೆ ತಿಂಗಳಿಗೊಂದು ಆಯ್ತು. ಮತ್ತೆ ಬಂದ್ರೆ ಏನು ಮಾಡ್ತೀನಿ ಅಂತ ನನ್ನ ಕೈಲೇ ಒಂದು ಪುಟ ಬರ್ಸಿ ಮುಗಿಸಿದ್ರು. ಈಗ್ಲೂ ಅಪರೂಪಕ್ಕೆ ಕೊಯನಾಡು ಹತ್ರ ಎದೆ ಡಬಡಬ ಅನ್ನುತ್ತೆ, ಅನ್ಲಿ, ಸುಳ್ಯಕ್ಕಂತೂ ಹೋಗ್ತೀನಿ. ಮೈಸೂರಿಗೆ ಹೋಗೋ ಖರ್ಚು ಕಷ್ಟ ಅನ್ನೋರು ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ಬಹುದು, ಹತ್ತಿರದಲ್ಲಿ ಎಲ್ಲಿ ಹೋಗ್ಬೇಕು ಅಂತಾನೂ ಕೇಳಿ.