ನೀಲಿ ಚೀಟಿ ಬರುವವರೆಗೆ

2018ರ ಮಳೆಗಾಲದಲ್ಲಿ ಪುಣೆ ಹತ್ತಿರದ ಭೋಸರಿಯ ನಮ್ಮ ಗಾಳಾಕ್ಕೆ, ಅಂದರೆ ಕಾರ್ಖಾನೆ ಶೆಡ್ಡಿಗೆ, ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಒಂದು ನೋಟಿಸ್ ಬಂತು. ಊರಾಚೆ ನಾಲೆಯ ಪಕ್ಕ ಆ್ಯಸಿಡ್ ತುಂಬಿದ ಆರು ಕಾರ್ಬಾ (ದೊಡ್ಡ ಕ್ಯಾನ್) ಸಿಕ್ಕಿವೆ, ಅವುಗಳ ಮೇಲೆ ನಿಮ್ಮ ಘಟಕದ ಹೆಸರಿದೆ, ಏನು ಹೇಳುತ್ತೀರಿ ಅಂತ ಕೇಳಿದ್ದರು. ನಮ್ಮವರ ಹೆಸರಿನ ಕೆಳಗೆ ನನ್ನ ಹೆಸರೂ ಇತ್ತು.

ನಾವು ಗದಗ ಕಡೆಯವರು. ಇಲ್ಲಿ ಬೇರೆಯವರ ಕಬ್ಬಿಣದ ಮಾಲಿಗೆ ಸತುವಿನ ಲೇಪ ಕೊಡುವ ಝಿಂಕ್ ಪ್ಲೇಟಿಂಗ್ ಜಾಬ್‌ವರ್ಕ್ ಮಾಡುತ್ತೇವೆ. ಗಾಡಿಗಳ ಬ್ರಾಕೆಟ್, ಬೋಲ್ಟ್, ಕ್ಲಿಪ್ಪು ಇಂಥವೇ ಜಾಸ್ತಿ. ಮಾಲಿನ ತುಕ್ಕು ಬಿಡಿಸಲು ಮೊದಲು ಹೈಡ್ರೋಕ್ಲೋರಿಕ್ ಆ್ಯಸಿಡ್‌ನಲ್ಲಿ ಅದ್ದಬೇಕು. ಅದಕ್ಕೆ ಪಿಕ್ಲಿಂಗ್ ಅನ್ನುತ್ತೇವೆ. ದಿನ ಕಳೆದಂತೆ ಕಬ್ಬಿಣ ಕರಗಿ ಆ್ಯಸಿಡ್ ಹಸಿರಾಗುತ್ತದೆ, ಕಚ್ಚುವ ಶಕ್ತಿ ಹೋಗುತ್ತದೆ. ಆ ಸತ್ತ ಆ್ಯಸಿಡನ್ನು ಒಬ್ಬ ಟೆಂಪೋದವನಿಗೆ ಕೊಡುತ್ತಿದ್ದೆವು. ದರ ಕಡಿಮೆ ಇತ್ತು, ಕರೆದ ದಿನವೇ ಬರುತ್ತಿದ್ದ, ಬಿಲ್ಲನ್ನೂ ಕೊಡುತ್ತಿದ್ದ. ಅವನು ಎಲ್ಲಿಗೆ ಒಯ್ಯುತ್ತಾನೆ ಅಂತ ನಾವು ಒಂದು ದಿನವೂ ಕೇಳಲಿಲ್ಲ. ಇದು ನಮ್ಮದೇ ತಪ್ಪು.

ನೋಟಿಸ್ ಹಿಡಿದುಕೊಂಡು ಪುಣೆಯ ಶಿವಾಜಿನಗರದಲ್ಲಿದ್ದ ಧಾರವಾಡದ ಒಬ್ಬ ಹಿರಿಯ ವಕೀಲರ ಹತ್ತಿರ ಹೋದೆ.

"ನಾವು ರೊಕ್ಕಾ ಕೊಟ್ಟೀವಿ ಸರ್, ಬಿಲ್ ಅದ. ಗೇಟ್ ದಾಟಿದ ಮ್ಯಾಲೆ ಅದು ಅವನ ಮಾಲು ಅಲ್ಲೇನ್ರೀ?" ಅಂದೆ.

"ಅಲ್ಲವ್ವಾ. ಮುಟ್ಟಬೇಕಾದ ಜಾಗಾಕ್ಕ ಮುಟ್ಟೂತನಕ ಅದು ನಿಮ್ದ" ಅಂದರು.

2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ 23ನೇ ನಿಯಮವನ್ನು ಓದಿ ತೋರಿಸಿದರು. ತ್ಯಾಜ್ಯವನ್ನು ಸರಿಯಾಗಿ ನಿಭಾಯಿಸದೆ ಪರಿಸರಕ್ಕೋ ಬೇರೆಯವರಿಗೋ ಹಾನಿಯಾದರೆ ಘಟಕ ನಡೆಸುವವರೂ ಹೊಣೆ, ಸಾಗಿಸಿದವನೂ ಹೊಣೆ. ಆಮೇಲೆ ಒಂದು ಹಾಳೆಯ ಮೇಲೆ ಗೆರೆ ಎಳೆದು ಹೊಣೆಗಾರಿಕೆಯ ಬಗೆಗಳನ್ನು ಒಂದೊಂದಾಗಿ ಬಿಡಿಸಿ ಹೇಳಿದರು. ಆ ಹಾಳೆ ಇವತ್ತಿಗೂ ನನ್ನ ಫೈಲಿನಲ್ಲಿದೆ.

ಮೊದಲನೆಯದು ತಪ್ಪಿನಿಂದ ಬರುವ ಹೊಣೆ. ನೀವು ವಹಿಸಬೇಕಾದ ಎಚ್ಚರ ವಹಿಸಲಿಲ್ಲ, ಅದರಿಂದ ನನಗೆ ನಷ್ಟ ಆಯಿತು ಅಂತ ಎದುರಿನವರು ತೋರಿಸಬೇಕು. ಇದು ಎಲ್ಲರಿಗೂ ಸುಲಭವಾಗಿ ಅರ್ಥ ಆಗುತ್ತದೆ. ಎರಡನೆಯದರಲ್ಲಿ ತಪ್ಪಿನ ಪ್ರಶ್ನೆಯೇ ಇಲ್ಲ. ಇಂಗ್ಲೆಂಡಿನಲ್ಲಿ ಒಬ್ಬ ಗಿರಣಿ ಮಾಲೀಕ ತನ್ನ ಜಾಗದಲ್ಲಿ ಕೆರೆ ಕಟ್ಟಿಸಿದ್ದ, ಅದರ ನೀರು ಪಕ್ಕದವನ ಗಣಿಗೆ ನುಗ್ಗಿತ್ತು. ಅಪಾಯದ ವಸ್ತುವನ್ನು ತಂದು ಕೂಡಿಟ್ಟವನು, ಅದು ಹೊರಗೆ ಹೋಗಿ ಹಾನಿ ಮಾಡಿದರೆ ಉತ್ತರ ಕೊಡಬೇಕು ಅಂತ 1868ರಲ್ಲಿ ಅಲ್ಲಿನ ದೊಡ್ಡ ನ್ಯಾಯಪೀಠ ಹೇಳಿತು. ಆದರೆ ಅದಕ್ಕೆ ವಿನಾಯಿತಿಗಳಿದ್ದವು. ದೈವಿಕ ಆಪತ್ತು, ಅಥವಾ ಸಂಬಂಧವಿಲ್ಲದ ಮೂರನೆಯವನ ಕೆಲಸ ಅಂತ ತೋರಿಸಿದರೆ ಬಚಾವ್.

ನಾನು ತಕ್ಷಣ ಆ ಮೂರನೆಯವನನ್ನು ಹಿಡಿದುಕೊಂಡೆ. ಟೆಂಪೋದವನು ಮೂರನೆಯವನೇ ಅಲ್ವಾ? ವಕೀಲರು ತಲೆ ಅಲ್ಲಾಡಿಸಿದರು. ನೀವೇ ಕರೆದು ಮಾಲು ಕೊಟ್ಟವನು ಹೊರಗಿನವನು ಹೇಗಾಗುತ್ತಾನೆ ಅಂತ ಕೇಳಿದರು. ಮೂರನೆಯ ಬಗೆಯನ್ನು ವಿವರಿಸಿದ್ದು ಆಗ.

ಭೋಪಾಲದ ದುರಂತ ನಡೆದದ್ದು 1984ರ ಡಿಸೆಂಬರ್‌ನಲ್ಲಿ. ಸರಿಯಾಗಿ ಒಂದು ವರ್ಷಕ್ಕೆ, 1985ರ ಡಿಸೆಂಬರ್‌ನಲ್ಲಿ, ದೆಹಲಿಯ ಒಂದು ಕಾರ್ಖಾನೆಯಿಂದ ಓಲಿಯಂ ಅನಿಲ ಸೋರಿತು. ಆ ಮೊಕದ್ದಮೆಯಲ್ಲಿ ಮುಖ್ಯ ನ್ಯಾಯಮೂರ್ತಿ ಪಿ.ಎನ್. ಭಗವತಿಯವರಿದ್ದ ಸುಪ್ರೀಂ ಕೋರ್ಟಿನ ಪೀಠ ಆ ಹಳೆಯ ವಿನಾಯಿತಿಗಳನ್ನು ಪಕ್ಕಕ್ಕಿಟ್ಟಿತು. ಅಪಾಯದ ಉದ್ಯಮ ನಡೆಸಿ ಲಾಭ ಪಡೆಯುವವರು ಅದರಿಂದಾದ ಹಾನಿಗೆ ಪೂರ್ತಿ ಹೊಣೆ, ಎಷ್ಟು ಎಚ್ಚರ ವಹಿಸಿದ್ದರೂ ಹೊಣೆ ಅಂತ ತೀರ್ಪು ಕೊಟ್ಟಿತು. 2010ರ ಹಸಿರು ನ್ಯಾಯಮಂಡಳಿ ಕಾಯ್ದೆಯಲ್ಲೂ ಅಪಘಾತದ ವಿಷಯಕ್ಕೆ ತಪ್ಪನ್ನು ಹುಡುಕಬೇಕಾಗಿಲ್ಲ ಅನ್ನುವ ಮಾತು ಇದೆ. ಆ ಮಂಡಳಿಯ ಪಶ್ಚಿಮ ವಲಯದ ಪೀಠ ಇರುವುದು ನಮ್ಮ ಪುಣೆಯಲ್ಲೇ. ನನಗೆ ಇದು ಕಠಿಣ ಅನಿಸಲಿಲ್ಲ. ನಾಲೆಯ ಪಕ್ಕ ಎಮ್ಮೆ ಮೇಯಿಸುವವನು ನಮ್ಮ ಗಾಳಾದ ಒಳಗೆ ಏನು ತಪ್ಪಾಯಿತು ಅಂತ ಹೇಗೆ ತೋರಿಸಬೇಕು? ಲೆಕ್ಕದ ಪುಸ್ತಕ, ಆ್ಯಸಿಡ್ ಟ್ಯಾಂಕ್, ಎಲ್ಲ ಇರುವುದು ನಮ್ಮ ಕೈಯಲ್ಲಿ.

ಇವೆಲ್ಲ ಪರಿಹಾರ ಕೊಡುವ ಲೆಕ್ಕ. ಅಪರಾಧದ ಲೆಕ್ಕ ಬೇರೆ. 1974ರ ಜಲ ಕಾಯ್ದೆಯ 47ನೇ ಕಲಂ ಪ್ರಕಾರ ಸಂಸ್ಥೆ ತಪ್ಪು ಮಾಡಿದರೆ ಅದರ ಉಸ್ತುವಾರಿ ಹೊತ್ತವರೂ ತಪ್ಪಿತಸ್ಥರು. ಪಾಲುದಾರರೂ ಅದರೊಳಗೆ ಬರುತ್ತಾರೆ. ನನಗೆ ಗೊತ್ತಿರಲಿಲ್ಲ, ಅಥವಾ ತಡೆಯಲು ಮಾಡಬೇಕಾದ್ದನ್ನೆಲ್ಲ ಮಾಡಿದ್ದೆ ಅಂತ ತೋರಿಸಿದರೆ ಇಲ್ಲಿ ದಾರಿ ಇದೆ. ಅಂದರೆ ಎಚ್ಚರ ವಹಿಸಿದ್ದಕ್ಕೆ ದಾಖಲೆ ಇದ್ದರೆ ಅದು ಜೈಲಿನಿಂದ ಉಳಿಸಬಹುದು, ಪರಿಹಾರದಿಂದ ಉಳಿಸದೇ ಇರಬಹುದು. ಈ ಎರಡನ್ನು ಕಲಸಿಕೊಂಡು ಮಾತಾಡುವ ಘಟಕದವರನ್ನು ನಾನು ತುಂಬ ನೋಡಿದ್ದೇನೆ.

ನನ್ನನ್ನು ರಾತ್ರಿ ನಿದ್ದೆ ಬಿಡಿಸಿದ್ದು ಮಾತ್ರ 1932ರ ಪಾಲುದಾರಿಕೆ ಕಾಯ್ದೆ. ಬ್ಯಾಂಕಿನ ಸಲುವಾಗಿ ನನ್ನನ್ನು ಪಾರ್ಟ್ನರ್ ಮಾಡಿದ್ದರು. ಸುಮ್ನೆ ಸಹಿ ಹಾಕುತ್ತಿದ್ದೆ. ಪಾಲುದಾರರು ಒಟ್ಟಾಗಿಯೂ ಹೊಣೆ, ಒಬ್ಬೊಬ್ಬರಾಗಿಯೂ ಪೂರ್ತಿ ಹೊಣೆ. ನಿಗಡಿಯ ನಮ್ಮ ಎರಡು ಕೋಣೆಯ ಮನೆಯೂ ಆ ಲೆಕ್ಕದೊಳಗೆ ಬರುತ್ತಿತ್ತು. ಪ್ರೈವೇಟ್ ಲಿಮಿಟೆಡ್ ಮಾಡಿಬಿಡೋಣವೇ ಅಂತ ಕೇಳಿದೆ. ಸಾಲದ ಮಟ್ಟಿಗೆ ಮನೆಗೆ ರಕ್ಷಣೆ ಸಿಗಬಹುದು, ಆದರೆ ಉಸ್ತುವಾರಿ ಯಾರದೋ ಅವರನ್ನು 47ನೇ ಕಲಂ ಆಗಲೂ ಹುಡುಕಿಕೊಂಡು ಬರುತ್ತದೆ ಅಂದರು. ಅವತ್ತೇ ನಿರ್ಧರಿಸಿದೆ: ಇನ್ನು ಮೇಲೆ ನಾನು ನೋಡದ ಕೆಲಸಕ್ಕೆ ನನ್ನ ಸಹಿ ಇಲ್ಲ.

ನೋಟಿಸಿಗೆ ನಡೆದದ್ದನ್ನು ನಡೆದ ಹಾಗೆ ಬರೆದು ಕೊಟ್ಟೆವು. ಕಾರ್ಬಾಗಳನ್ನು ತೆಗೆಸಿ ಜಾಗ ಶುಚಿ ಮಾಡಿಸುವ ಖರ್ಚು ನಾವೇ ಹೊತ್ತೆವು. ಬ್ಯಾಂಕ್ ಗ್ಯಾರಂಟಿ ಇಟ್ಟೆವು. ಹೇಳಿದ್ದನ್ನು ಮಾಡಿದರೆ ಅದು ವಾಪಸ್, ಮಾಡದಿದ್ದರೆ ಜಪ್ತಿ. ಇದು ನನಗೆ ಸರಿ ಕಂಡ ಪದ್ಧತಿ. ಬಾಗಿಲು ಮುಚ್ಚಿಸಿದ್ದರೆ ಹನ್ನೊಂದು ಹುಡುಗರ ಸಂಬಳ ನಿಲ್ಲುತ್ತಿತ್ತು. ಸುಮ್ಮನೆ ದಂಡ ಕಟ್ಟಿಸಿಕೊಂಡು ಬಿಟ್ಟಿದ್ದರೆ ನಾವು ಕಟ್ಟಿ ಮರೆಯುತ್ತಿದ್ದೆವೋ ಏನೋ.

ಆಮೇಲೆ ಬದಲಾದದ್ದು ಇಷ್ಟು. ಮಾಲಿನ್ಯ ಮಂಡಳಿ ಕೊಡುವ ಅನುಮತಿ ಪತ್ರವಾದ ಕನ್ಸೆಂಟ್‌ನಲ್ಲಿ ಬರೆಸಿಕೊಂಡು ಸತ್ತ ಆ್ಯಸಿಡನ್ನು ನಮ್ಮದೇ ಇ.ಟಿ.ಪಿ.ಯಲ್ಲಿ (ಕೊಳೆ ನೀರು ಶುದ್ಧಿ ಮಾಡುವ ಘಟಕ) ಸುಣ್ಣ ಹಾಕಿ ತಣಿಸುತ್ತೇವೆ. ಝಿಂಕ್ ಮೇಲೆ ಕಾಪಿನ ಪದರ ಕೊಡುವ ಪ್ಯಾಸಿವೇಶನ್ ಟ್ಯಾಂಕಿನ ಕ್ರೋಮಿಯಂ ನೀರಿಗೆ ಬೇರೆ ಸಾಲು: ಪಿ.ಎಚ್. (ಆಮ್ಲದ ಅಳತೆ) 2 ಮತ್ತು 3ರ ನಡುವೆ ಇಳಿಸಿ, ಕ್ರೋಮಿಯಂನ ವಿಷ ಇಳಿಸುವ ಮೆಟಾಬೈಸಲ್ಫೈಟ್ ಹಾಕಬೇಕು, ಆಮೇಲೆ 8ರ ಮೇಲಕ್ಕೆ ಏರಿಸಿದರೆ ಕ್ರೋಮಿಯಂ ತಳಕ್ಕೆ ಕೂರುತ್ತದೆ. ಹೊರಗೆ ಹೋಗುವ ನೀರಿನಲ್ಲಿ ಆರರ ಕ್ರೋಮಿಯಂ (ಅದರ ಹೆಚ್ಚು ವಿಷದ ರೂಪ) ಲೀಟರಿಗೆ 0.1 ಮಿಲಿಗ್ರಾಂ ಮೀರಬಾರದು. ಮಿತಿ ಹೇಳಿ, ದಾರಿಯನ್ನು ನಮಗೆ ಬಿಟ್ಟಿದ್ದಾರೆ. ಇಂಥ ನಿಯಮ ನನಗೆ ಇಷ್ಟ. ಇದೇ ಯಂತ್ರ ಹಾಕಿ ಅನ್ನುವುದಕ್ಕಿಂತ ಇದರಲ್ಲಿ ಕಲಿಯುವುದು ಜಾಸ್ತಿ.

ಉಳಿದ ಸ್ಲಡ್ಜ್ (ಕೆಸರು) ರಾಂಜಣಗಾವ್‌ನ ಸಾಮೂಹಿಕ ತ್ಯಾಜ್ಯ ಘಟಕಕ್ಕೆ ಹೋಗುತ್ತದೆ. 90 ದಿನಕ್ಕಿಂತ ಜಾಸ್ತಿ ಇಟ್ಟುಕೊಳ್ಳುವ ಹಾಗಿಲ್ಲ. ಪ್ರತಿ ಗಾಡಿಗೂ ಏಳು ಪ್ರತಿಯ ಮ್ಯಾನಿಫೆಸ್ಟ್, ಅಂದರೆ ಸಾಗಣೆ ಚೀಟಿ. ಹಳದಿ ಪ್ರತಿ ನಮ್ಮಲ್ಲಿ ಉಳಿಯುತ್ತದೆ, ಕಿತ್ತಳೆ ಗಾಡಿಯವನಿಗೆ. ಮಾಲು ಮುಟ್ಟಿದ ಮೇಲೆ ಅಲ್ಲಿಂದ ನಮಗೆ ವಾಪಸ್ ಬರುವುದು ನೀಲಿ ಪ್ರತಿ. ಹಳದಿಗೆ ನೀಲಿ ಜೋಡಿಯಾಗಿ ಪಿನ್ ಹೊಡೆದ ಮೇಲೆಯೇ ಪುಸ್ತಕದಲ್ಲಿ ಆ ಸಾಲಿಗೆ ಸಹಿ ಹಾಕುತ್ತೇನೆ. ಅಲ್ಲಿವರೆಗೆ ಆ ಚೀಲಗಳು ನನ್ನ ಗಾಳಾದ ಮೂಲೆಯಲ್ಲೇ ಇವೆ ಅಂತ ಲೆಕ್ಕ.

2024ರ ಏಪ್ರಿಲ್‌ನಿಂದ ಪರಿಸರ ಕಾಯ್ದೆಯಲ್ಲಿ ಐದು ವರ್ಷದ ಜೈಲಿನ ಮಾತು ಹೋಗಿ 10,000 ರೂಪಾಯಿಯಿಂದ 15 ಲಕ್ಷದವರೆಗಿನ ದಂಡ ಬಂದಿದೆ. ನಮ್ಮ ಸಾಲಿನಲ್ಲಿ ಕೆಲವರು ಪೇಢೆ ಹಂಚಿದರು. ನಾನು ತಿನ್ನಲಿಲ್ಲ. ನಡೆಯುತ್ತದೋ ಇಲ್ಲವೋ ಅನ್ನುವ ಮೊಕದ್ದಮೆಗಿಂತ ಅಧಿಕಾರಿಯೇ ವಿಧಿಸುವ ದಂಡ ಬೇಗ ಬರುತ್ತದೆ. ಪರಿಹಾರದ ಹೊಣೆಯಂತೂ ಹಾಗೇ ಇದೆ.

ಮೊನ್ನೆ ಪಕ್ಕದ ಗಾಳಾದ ಹುಡುಗ ಬಂದಿದ್ದ. ಹೊಸದಾಗಿ ಪ್ಲೇಟಿಂಗ್ ಶುರು ಮಾಡಿದ್ದಾನೆ. "ಕಾಕೂ, ಒಬ್ಬ ಟೆಂಪೋದವನು ಅರ್ಧ ದರಕ್ಕೆ ಆ್ಯಸಿಡ್ ಒಯ್ಯುತ್ತಾನಂತೆ" ಅಂದ. ಫೈಲ್ ತೆಗೆದು 2018ರ ನೋಟಿಸನ್ನು ಅವನ ಮುಂದಿಟ್ಟೆ. ಎರಡು ಸಲ ಓದಿದ. ನನ್ನ ಹೆಸರಿರುವ ಸಾಲಿನ ಮೇಲೆ ಬೆರಳಿಟ್ಟು, ತನ್ನ ಪಾಲುದಾರಿಕೆ ಪತ್ರದಲ್ಲಿ ಅಮ್ಮನ ಹೆಸರಿದೆ ಅಂತ ಮೆಲ್ಲಗೆ ಹೇಳಿದ. ವಕೀಲರ ನಂಬರ್ ಬರೆದು ಕೊಟ್ಟೆ.