ಐವಿ ಸೀಟಿಗೆ ಎಷ್ಟು ಸಾಲ ಮಾಡಬಹುದು?

ಐವಿ ಲೀಗ್ ಎಂಬ ಎಂಟು ಖಾಸಗಿ ವಿಶ್ವವಿದ್ಯಾಲಯಗಳ ಗುಂಪೂ ಸೇರಿ ಅಮೆರಿಕದ ಹೆಸರಾಂತ ಕಾಲೇಜುಗಳ ಪ್ರವೇಶದ ಫಲಿತಾಂಶ ಮಾರ್ಚ್ ಕೊನೆಗೆ ಬರುತ್ತದೆ. ಮೇ 1ರೊಳಗೆ ಒಂದನ್ನು ಆರಿಸಿ ಡಿಪಾಸಿಟ್ ಕಟ್ಟಬೇಕು. ಎಷ್ಟೋ ಮನೆಗಳಲ್ಲಿ ದುಡ್ಡಿನ ಮಾತು ಶುರುವಾಗುವುದೇ ಈ ಐದು ವಾರಗಳಲ್ಲಿ. ಅಷ್ಟರಲ್ಲಿ ಸುದ್ದಿ ನೆಂಟರಿಷ್ಟರಿಗೆಲ್ಲ ಮುಟ್ಟಿರುತ್ತದೆ, 'ಹೇಗೋ ಆಗುತ್ತೆ ಬಿಡು' ಎಂದು ಅಪ್ಪ ಹೇಳಿಯೂ ಆಗಿರುತ್ತದೆ. ಆ 'ಹೇಗೋ' ಕೊನೆಗೆ ಶೇ 9ರ ಬಡ್ಡಿಯ ಸಾಲವಾಗಿ ತಲೆಮೇಲೆ ಕೂರುತ್ತದೆ. ಈ ಲೆಕ್ಕವನ್ನು ಅರ್ಜಿ ಹಾಕುವ ಮೊದಲೇ, ಸಾಧ್ಯವಾದರೆ ಮಗು ಹತ್ತನೇ ಗ್ರೇಡಿನಲ್ಲಿ ಇರುವಾಗಲೇ ಹಾಕಿಕೊಳ್ಳಬೇಕು.

ಮೊದಲು ನಿಮ್ಮ ಬೆಲೆ ತಿಳಿದುಕೊಳ್ಳಿ

ಹೆಸರಾಂತ ಖಾಸಗಿ ಕಾಲೇಜುಗಳು ತಮ್ಮ ವೆಬ್‌ಸೈಟಿನಲ್ಲಿ ಹಾಕುವ ವಾರ್ಷಿಕ ಖರ್ಚು ಈಗ 90,000 ಡಾಲರಿನ ಆಸುಪಾಸಿನಲ್ಲಿದೆ. ಅದು ಎಲ್ಲರೂ ಕೊಡುವ ಬೆಲೆಯಲ್ಲ. 2011ರಿಂದ ಫೆಡರಲ್ ಕಾನೂನಿನ ಪ್ರಕಾರ ಪ್ರತಿ ಕಾಲೇಜೂ ತನ್ನ ವೆಬ್‌ಸೈಟಿನಲ್ಲಿ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ (ನೆರವು ಕಳೆದು ನಿಮಗೆ ಬೀಳುವ ಖರ್ಚಿನ ಅಂದಾಜು ಕೊಡುವ ಸಾಧನ) ಇಡಲೇಬೇಕು. ಕಳೆದ ವರ್ಷದ ಟ್ಯಾಕ್ಸ್ ರಿಟರ್ನ್, ಡಬ್ಲ್ಯೂ-2 (ಕಂಪನಿ ಕೊಡುವ ವಾರ್ಷಿಕ ಸಂಬಳದ ಪತ್ರ), ಬ್ಯಾಂಕ್ ಮತ್ತು ಬ್ರೋಕರೇಜ್ ಸ್ಟೇಟ್‌ಮೆಂಟ್ ಎದುರಿಗಿಟ್ಟುಕೊಂಡು ಕೂತರೆ ಒಂದು ಕಾಲೇಜಿಗೆ ಅರ್ಧ ಗಂಟೆ ಸಾಕು. ಪಟ್ಟಿಯಲ್ಲಿರುವ ಎಲ್ಲ ಕಾಲೇಜುಗಳಿಗೂ ಮಾಡಿ ಫಲಿತಾಂಶದ ಪುಟವನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ಮುಂದೆ ಕಾಲೇಜು ಕಡಿಮೆ ನೆರವು ಕೊಟ್ಟರೆ ಕೇಳಲು ಅದೇ ಆಧಾರ.

ಎಂಟು ಹತ್ತು ಪ್ರಶ್ನೆ ಕೇಳಿ ಉತ್ತರ ಕೊಟ್ಟುಬಿಡುವ ಕ್ಯಾಲ್ಕುಲೇಟರನ್ನು ನಂಬಬೇಡಿ, ಅದು ಸರಾಸರಿ ಹೇಳುತ್ತದೆಯೇ ಹೊರತು ನಿಮ್ಮ ಮನೆಯ ಲೆಕ್ಕವನ್ನಲ್ಲ. ಸ್ವಂತ ವ್ಯಾಪಾರ ಇರುವವರಿಗೆ, ಬಾಡಿಗೆ ಮನೆ ಇರುವವರಿಗೆ, ವಿಚ್ಛೇದನ ಆಗಿರುವ ಕುಟುಂಬಗಳಿಗೆ ಒಳ್ಳೆಯ ಕ್ಯಾಲ್ಕುಲೇಟರ್ ಕೂಡ ತಪ್ಪು ತೋರಿಸಬಹುದು. ಅಂಥವರು ಫೈನಾನ್ಶಿಯಲ್ ಏಡ್ ಆಫೀಸಿಗೆ ನೇರವಾಗಿ ಬರೆದು ಕೇಳುವುದೇ ಮೇಲು. ಕೆಲವು ಕ್ಯಾಲ್ಕುಲೇಟರ್‌ಗಳು ಸಾಲವನ್ನೂ ನೆರವಿನ ಜೊತೆ ಸೇರಿಸಿ ಕಳೆದಿರುತ್ತವೆ. ಕೊನೆಯ ಸಾಲಿನವರೆಗೂ ಓದಿ.

ಬೆಲೆ ಕಾಲೇಜಿನಿಂದ ಕಾಲೇಜಿಗೆ ಎಷ್ಟು ಏರುಪೇರಾಗುತ್ತದೆ ಎಂಬುದು ಇಲ್ಲಿಯೇ ಗೊತ್ತಾಗುತ್ತದೆ. ಪ್ರಿನ್ಸ್‌ಟನ್ 2001ರಲ್ಲೇ ತನ್ನ ನೆರವಿನ ಪ್ಯಾಕೇಜಿನಿಂದ ಸಾಲವನ್ನು ತೆಗೆದುಹಾಕಿತು. ಹಾರ್ವರ್ಡ್ 2025–26ರಿಂದ, ಸಾಮಾನ್ಯ ಪ್ರಮಾಣದ ಆಸ್ತಿ ಇದ್ದು ವರ್ಷಕ್ಕೆ 2 ಲಕ್ಷ ಡಾಲರ್‌ವರೆಗೆ ಆದಾಯವಿರುವ ಕುಟುಂಬಗಳಿಗೆ ಬೋಧನಾ ಶುಲ್ಕವನ್ನು (ಟ್ಯೂಷನ್) ಬಿಟ್ಟುಕೊಟ್ಟಿದೆ. 1 ಲಕ್ಷದವರೆಗಿನವರಿಗೆ ಊಟ, ವಸತಿಯೂ ಉಚಿತ. ಎಂಐಟಿಯಲ್ಲೂ ಇದೇ ಮಟ್ಟ. ಮನೆಯ ಇಕ್ವಿಟಿಯನ್ನು (ಮನೆಯ ಬೆಲೆಯಲ್ಲಿ ಸಾಲ ಕಳೆದು ಉಳಿದದ್ದು) ಹಾರ್ವರ್ಡ್, ಪ್ರಿನ್ಸ್‌ಟನ್, ಸ್ಟ್ಯಾನ್‌ಫರ್ಡ್ ಲೆಕ್ಕಕ್ಕೆ ಹಿಡಿಯುವುದಿಲ್ಲ, ಬೇರೆ ಹಲವು ಖಾಸಗಿ ಕಾಲೇಜುಗಳು ಹಿಡಿಯುತ್ತವೆ. ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಇಪ್ಪತ್ತು ವರ್ಷದ ಹಿಂದೆ ಮನೆ ಕೊಂಡವರಿಗೆ ಈ ಒಂದು ನಿಯಮದಿಂದಲೇ ವರ್ಷಕ್ಕೆ ಹತ್ತಾರು ಸಾವಿರ ಡಾಲರ್ ಹೆಚ್ಚುಕಮ್ಮಿ ಆಗಬಹುದು.

ಇಬ್ಬರೂ ಐಟಿಯಲ್ಲಿದ್ದು ಆದಾಯ 3 ಲಕ್ಷ ದಾಟಿದ ಮನೆಗಳೇ ಹೆಚ್ಚು ಇಕ್ಕಟ್ಟಿಗೆ ಸಿಗುವುದು. ನೆರವು ಸಿಗದಷ್ಟು ಶ್ರೀಮಂತರು, ಪೂರ್ತಿ ಕಟ್ಟುವಷ್ಟು ಅಲ್ಲ. ಐವಿ ಲೀಗಿನ ಎಂಟೂ ಕಾಲೇಜುಗಳು ಮೆರಿಟ್ ಸ್ಕಾಲರ್‌ಶಿಪ್ ಕೊಡುವುದಿಲ್ಲ. ನಿಮ್ಮ ಮಗ ಎಷ್ಟೇ ಜಾಣನಿರಲಿ, ಅಲ್ಲಿ ರಿಯಾಯಿತಿ ಸಿಗುವುದು ಆದಾಯ ನೋಡಿ ಮಾತ್ರ. ಮೆರಿಟ್ ಬೇಕಾದರೆ ಡ್ಯೂಕ್, ವ್ಯಾಂಡರ್‌ಬಿಲ್ಟ್, ಯುಎಸ್‌ಸಿಯಂಥ ಕಡೆ ನೋಡಬೇಕು. ಅಲ್ಲಿಯೂ ಅದು ಕೆಲವರಿಗೆ ಮಾತ್ರ.

ಯಾವ ವರ್ಷದ ಆದಾಯ ನೋಡುತ್ತಾರೆ

ಫೆಡರಲ್ ನೆರವಿಗೆ ಫಾಫ್ಸಾ ಎಂಬ ಸರ್ಕಾರಿ ಅರ್ಜಿ, ಹೆಸರಾಂತ ಖಾಸಗಿ ಕಾಲೇಜುಗಳಲ್ಲಿ ಹಲವಕ್ಕೆ ಅದರ ಜೊತೆ ಸಿಎಸ್‌ಎಸ್ ಪ್ರೊಫೈಲ್ ಎಂಬ ಇನ್ನೊಂದು ಅರ್ಜಿ. ಎರಡೂ ಸಾಮಾನ್ಯವಾಗಿ ಅಕ್ಟೋಬರ್ 1ಕ್ಕೆ ತೆರೆಯುತ್ತವೆ. ಫಾಫ್ಸಾ ನೋಡುವುದು ಎರಡು ವರ್ಷ ಹಿಂದಿನ ಆದಾಯ: 2027ರ ಶರತ್ಕಾಲದಲ್ಲಿ ಕಾಲೇಜು ಸೇರುವವರಿಗೆ 2025ರ ಟ್ಯಾಕ್ಸ್. ಅಂದರೆ ಹತ್ತನೇ ಗ್ರೇಡಿನ ಜನವರಿಯಿಂದ ಹನ್ನೊಂದನೇ ಗ್ರೇಡಿನ ಡಿಸೆಂಬರ್‌ವರೆಗೆ. ಆ ವರ್ಷ ಷೇರು ಮಾರಿ ದೊಡ್ಡ ಲಾಭ ತೋರಿಸಿದರೆ ಅದು ಆದಾಯಕ್ಕೆ ಸೇರಿ ನೆರವು ಕರಗುತ್ತದೆ. ಮಾರುವುದಿದ್ದರೆ ಅದಕ್ಕೂ ಹಿಂದಿನ ವರ್ಷವೇ ಮುಗಿಸಿ.

ಆಸ್ತಿಯ ವಿಷಯದಲ್ಲಿ ಫಾಫ್ಸಾ ಅಪ್ಪ-ಅಮ್ಮನ ಉಳಿತಾಯದಲ್ಲಿ ಗರಿಷ್ಠ ಶೇ 5.64ರಷ್ಟನ್ನು, ಮಗುವಿನ ಹೆಸರಿನ ಉಳಿತಾಯದಲ್ಲಿ ಶೇ 20ರಷ್ಟನ್ನು ಪ್ರತಿ ವರ್ಷ ಕಾಲೇಜಿಗೆ ಸಿಗುವ ಹಣವೆಂದು ಎಣಿಸುತ್ತದೆ. ಹಾಗಾಗಿ ಮಗುವಿನ ಹೆಸರಿನಲ್ಲಿ ಕಸ್ಟೋಡಿಯಲ್ ಖಾತೆ ತೆರೆಯುವುದಕ್ಕಿಂತ ಅಪ್ಪ-ಅಮ್ಮನ ಹೆಸರಿನ 529 ಖಾತೆ (ಓದಿನ ಖರ್ಚಿಗೆಂದೇ ಇರುವ ಉಳಿತಾಯ ಖಾತೆ) ಲೇಸು. 401(ಕೆ) ನಿವೃತ್ತಿ ಖಾತೆಯಲ್ಲಿರುವ ಹಣ ಲೆಕ್ಕಕ್ಕೆ ಬರುವುದಿಲ್ಲ. ವಾಸದ ಮನೆ ಬಿಟ್ಟು ಉಳಿದ ಎಲ್ಲ ಸ್ಥಿರಾಸ್ತಿಯೂ ಬರುತ್ತದೆ. ಊರಲ್ಲಿ ತೆಗೆದಿಟ್ಟ ಸೈಟೂ ಸೇರಿ. 'ಅದು ಇಂಡಿಯಾದಲ್ಲಿದೆಯಲ್ಲ' ಎಂದು ಬಿಡುವವರು ಬಹಳ. ಅರ್ಜಿಗೆ ಸಹಿ ಹಾಕುವುದು ಫೆಡರಲ್ ಸರ್ಕಾರದ ಮುಂದೆ, ಅದನ್ನು ಮರೆಯಬೇಡಿ.

ಅರ್ಲಿ ಡಿಸಿಷನ್, ಅಂದರೆ ಒಂದೇ ಕಾಲೇಜಿಗೆ ಮುಂಚಿತವಾಗಿ ಹಾಕುವ ಅರ್ಜಿಯ ಬಗ್ಗೆ ಒಂದು ಮಾತು. ನವೆಂಬರ್ 1ರ ಸುಮಾರಿಗೆ ಅರ್ಜಿ, ಡಿಸೆಂಬರ್ ಮಧ್ಯದಲ್ಲಿ ಫಲಿತಾಂಶ, ಸಿಕ್ಕಿದರೆ ಸೇರಲೇಬೇಕು. ಪ್ರವೇಶದ ಸಾಧ್ಯತೆ ಅದರಿಂದ ಹೆಚ್ಚುವುದು ನಿಜ. ಆದರೆ ಬೇರೆ ಕಾಲೇಜುಗಳ ಆಫರ್ ಕೈಯಲ್ಲಿ ಇರುವುದಿಲ್ಲ, ಚೌಕಾಶಿಗೆ ದಾರಿಯಿಲ್ಲ. ನೆರವು ಸಾಲದಿದ್ದರೆ ಹಿಂದೆ ಸರಿಯಲು ಬಿಡುತ್ತಾರೆ, ಸಾಲದು ಎಂದು ತೋರಿಸಿಕೊಡುವ ಹೊಣೆ ಮಾತ್ರ ನಿಮ್ಮದು. ಕ್ಯಾಲ್ಕುಲೇಟರ್ ಹೇಳಿದ ಬೆಲೆಯನ್ನು ಸಾಲವಿಲ್ಲದೆ ಕಟ್ಟಲು ಸಾಧ್ಯವಿದ್ದರೆ ಮಾತ್ರ ಅರ್ಲಿ ಡಿಸಿಷನ್ ಹಾಕಿ.

ಅವಾರ್ಡ್ ಲೆಟರ್ ಓದುವ ಬಗೆ

ಸೀಟು ಸಿಕ್ಕ ಮೇಲೆ ಕಾಲೇಜು ಕಳಿಸುವ ನೆರವಿನ ಪತ್ರದಲ್ಲಿ (ಅವಾರ್ಡ್ ಲೆಟರ್) 'ನಿಮಗೆ 52,000 ಡಾಲರ್ ನೆರವು' ಎಂದಿರುತ್ತದೆ ಎನ್ನಿ. ಒಂದು ಹಾಳೆಯಲ್ಲಿ ಮೂರು ಕಂಬ ಎಳೆದು ಆ ಮೊತ್ತವನ್ನು ಬಿಡಿಸಿ. ಗ್ರ್ಯಾಂಟ್, ಸ್ಕಾಲರ್‌ಶಿಪ್ ಒಂದನೇ ಕಂಬಕ್ಕೆ, ಇದು ವಾಪಸ್ ಕೊಡಬೇಕಿಲ್ಲದ ಹಣ. ವರ್ಕ್-ಸ್ಟಡಿ ಎರಡನೆಯದಕ್ಕೆ: ಮಗು ಕೆಲಸ ಮಾಡಿದ ಮೇಲೆ ಸಿಗುವ ಸಂಬಳ, ಆಗಸ್ಟ್ ಬಿಲ್ಲಿನಲ್ಲಿ ಅದು ಕಡಿತವಾಗುವುದಿಲ್ಲ. ಸಾಲವೆಲ್ಲ ಮೂರನೆಯದಕ್ಕೆ. ಒಟ್ಟು ಖರ್ಚಿನಲ್ಲಿ ಒಂದನೇ ಕಂಬವನ್ನು ಮಾತ್ರ ಕಳೆಯಿರಿ. ಉಳಿದದ್ದೇ ನಿಜವಾದ ಬೆಲೆ. ಇದನ್ನು ಕಾಲೇಜೇ ಮಾಡಿಕೊಟ್ಟಿರುತ್ತದೆ ಎಂದುಕೊಳ್ಳಬೇಡಿ. ಅಂದಾಜು ಶೇ 91ರಷ್ಟು ಕಾಲೇಜುಗಳು ನಿಜ ಬೆಲೆಯನ್ನು ಹೇಳುವುದೇ ಇಲ್ಲ ಅಥವಾ ಕಡಿಮೆ ತೋರಿಸುತ್ತವೆ ಎಂದು 2022ರಲ್ಲಿ ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿಯೇ ವರದಿ ಮಾಡಿತು.

ಆ ಬೆಲೆಯನ್ನು ನಾಲ್ಕರಿಂದ ಗುಣಿಸಿದರೆ ಸಾಲದು, ಫೀಸು ವರ್ಷವರ್ಷ ಏರುತ್ತದೆ. ಶೇ 4 ಏರಿಕೆ ಹಿಡಿದರೆ 4.25ರಿಂದ ಗುಣಿಸಬೇಕು. ಕಾಲೇಜಿನ ಆರೋಗ್ಯ ವಿಮೆ ಬಿಲ್ಲಿನಲ್ಲಿ ತಾನಾಗಿ ಸೇರಿರುತ್ತದೆ; ಮಗು ನಿಮ್ಮ ವಿಮೆಯಲ್ಲೇ ಇದ್ದರೆ ಗಡುವಿನೊಳಗೆ ಅದು ಬೇಡವೆನ್ನುವ ವೇವರ್ ಅರ್ಜಿ ಹಾಕಿ, ವರ್ಷಕ್ಕೆ ಕೆಲವು ಸಾವಿರ ಡಾಲರ್ ಉಳಿಯುತ್ತದೆ. ಹೊರಗಿನ ಸ್ಕಾಲರ್‌ಶಿಪ್ ಸಿಕ್ಕರೆ ಅಷ್ಟೇ ಗ್ರ್ಯಾಂಟ್ ಕಡಿತ ಮಾಡುವ ಕಾಲೇಜುಗಳಿವೆ, ಮೊದಲೇ ಕೇಳಿ.

ನೆರವು ಕಡಿಮೆ ಎನಿಸಿದರೆ ಏಪ್ರಿಲ್ ಮೊದಲ ವಾರದಲ್ಲೇ ಮೇಲ್ಮನವಿ ಹಾಕಿ. 'ನಮಗೆ ಕಷ್ಟ' ಎಂದರೆ ಕೆಲಸವಾಗದು. ಕೆಲಸ ಹೋದ ಪತ್ರ, ಆಸ್ಪತ್ರೆ ಬಿಲ್ಲು, ಅಜ್ಜ-ಅಜ್ಜಿಯರಿಗೆ ಕಳಿಸುವ ಹಣದ ದಾಖಲೆ, ಸರಿಸಾಟಿ ಕಾಲೇಜಿನ ಹೆಚ್ಚಿನ ಆಫರ್, ಇವುಗಳ ಪ್ರತಿ ಲಗತ್ತಿಸಿ, ನಿಮಗೆ ಬೇಕಾದ ಮೊತ್ತವನ್ನು ಅಂಕಿಯಲ್ಲಿ ಬರೆಯಿರಿ.

ಸಾಲದ ಮಿತಿ

ಮಗುವಿನ ಹೆಸರಿನಲ್ಲಿ ಫೆಡರಲ್ ಸರ್ಕಾರ ಕೊಡುವ ಸಾಲ ಮೊದಲ ವರ್ಷ 5,500 ಡಾಲರ್, ಎರಡನೇ ವರ್ಷ 6,500, ಆಮೇಲೆ ವರ್ಷಕ್ಕೆ 7,500. ನಾಲ್ಕು ವರ್ಷಕ್ಕೆ 27,000. 2025–26ರ ಬಡ್ಡಿ ಶೇ 6.39. ಹತ್ತು ವರ್ಷದ ಕಂತಿಗೆ ತಿಂಗಳಿಗೆ ಸುಮಾರು 305 ಡಾಲರ್, ಸಾಧಾರಣ ಮೊದಲ ಕೆಲಸದಲ್ಲೂ ತೀರಿಸಬಹುದಾದದ್ದು. ಒಂದು ಒಳ್ಳೆಯ ಕಾಲೇಜಿಗಾಗಿ ಇಷ್ಟು ಸಾಲ ಮಾಡುವುದು ಬಹುಮಟ್ಟಿಗೆ ಸರಿಯೇ.

ಇದನ್ನು ದಾಟಿದ ಪ್ರತಿ ಡಾಲರೂ ಅಪ್ಪ-ಅಮ್ಮನ ಸಾಲ, ಸಹಿ ಯಾರದೇ ಇರಲಿ. ಫೆಡರಲ್ ಸರ್ಕಾರ ಅಪ್ಪ-ಅಮ್ಮನಿಗೆ ಕೊಡುವ ಪೇರೆಂಟ್ ಪ್ಲಸ್ ಸಾಲಕ್ಕೆ 2025–26ರಲ್ಲಿ ಬಡ್ಡಿ ಶೇ 8.94, ಮೇಲೆ ಶೇ 4ಕ್ಕೂ ಹೆಚ್ಚು ಶುಲ್ಕ ಮೊದಲೇ ಮುರಿದುಕೊಳ್ಳುತ್ತಾರೆ. 2025ರ ಜುಲೈ 4ರಂದು ಸಹಿಯಾದ ಕಾನೂನಿನಂತೆ, 2026ರ ಜುಲೈ 1ರಿಂದ ಹೊಸದಾಗಿ ಪಡೆಯುವವರಿಗೆ ಇದಕ್ಕೆ ವರ್ಷಕ್ಕೆ 20,000, ಒಬ್ಬ ವಿದ್ಯಾರ್ಥಿಗೆ ಒಟ್ಟು 65,000 ಡಾಲರ್ ಮಿತಿ. ಆ ಹೊಸ ಸಾಲಗಳಿಗೆ ಆದಾಯಕ್ಕೆ ತಕ್ಕಂತೆ ಕಂತು ಕಟ್ಟುವ ಅನುಕೂಲವೂ ಇಲ್ಲ. ಮಿತಿ ದಾಟಿದವರು ಖಾಸಗಿ ಸಾಲದತ್ತ ಓಡುತ್ತಾರೆ. ಅಲ್ಲಿ ಕೋ-ಸೈನರ್ (ಜೊತೆಗೆ ಸಹಿ ಹಾಕಿ ಹೊಣೆ ಹೊರುವವರು) ಬೇಕು, ಕೆಲಸ ಹೋದರೂ ಕಂತು ನಿಲ್ಲುವುದು ಕಷ್ಟ, ದಿವಾಳಿ ಅರ್ಜಿ ಹಾಕಿದರೂ ಸುಲಭಕ್ಕೆ ಮನ್ನಾ ಆಗದು. ಶೇ 9ರ ದರದಲ್ಲಿ ವರ್ಷಕ್ಕೆ 25,000ದಂತೆ ನಾಲ್ಕು ವರ್ಷ ತೆಗೆದರೆ ಕಂತು ಶುರುವಾಗುವ ಹೊತ್ತಿಗೆ 1 ಲಕ್ಷ ಹೋಗಿ ಸುಮಾರು 1.25 ಲಕ್ಷ ಆಗಿರುತ್ತದೆ. ಹತ್ತು ವರ್ಷಕ್ಕೆ ತಿಂಗಳ ಕಂತು 1,580 ಡಾಲರ್ ಮುಟ್ಟುತ್ತದೆ.

ಹೆಸರಿಗೆ ಅಷ್ಟು ಬೆಲೆ ಇದೆಯೇ

ಸಂಶೋಧಕರಾದ ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ 2002ರಲ್ಲಿ ಪ್ರಕಟಿಸಿದ ಅಧ್ಯಯನ, ಒಂದೇ ಮಟ್ಟದ ಕಾಲೇಜುಗಳಲ್ಲಿ ಸೀಟು ಸಿಕ್ಕವರ ಪೈಕಿ ದೊಡ್ಡ ಹೆಸರಿನದಕ್ಕೆ ಹೋದವರನ್ನೂ ಸಾಮಾನ್ಯದ್ದಕ್ಕೆ ಹೋದವರನ್ನೂ ಹೋಲಿಸಿತು. ಸರಾಸರಿ ಸಂಬಳದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಬಡ ಕುಟುಂಬದ ಮಕ್ಕಳಿಗೆ ಮಾತ್ರ ಲಾಭ ಕಂಡಿತು. 2023ರಲ್ಲಿ ಅರ್ಥಶಾಸ್ತ್ರಜ್ಞರಾದ ರಾಜ್ ಚೆಟ್ಟಿ, ಡೇವಿಡ್ ಡೆಮಿಂಗ್, ಜಾನ್ ಫ್ರೀಡ್‌ಮನ್ ಇಂಥ ಕಾಲೇಜುಗಳ ವೇಟ್‌ಲಿಸ್ಟಿನಲ್ಲಿದ್ದವರನ್ನು ಹಿಡಿದು ನೋಡಿದಾಗಲೂ ಸರಾಸರಿ ಸಂಬಳ ಅಷ್ಟೇನೂ ಏರಲಿಲ್ಲ. ಆದರೆ ಆದಾಯದ ತುತ್ತತುದಿಯ ಶೇ 1ಕ್ಕೆ ತಲುಪುವ ಸಾಧ್ಯತೆ ಅರ್ಧದಷ್ಟು ಹೆಚ್ಚಿತು, ಪ್ರತಿಷ್ಠಿತ ಸಂಸ್ಥೆಗಳಲ್ಲಿ ಕೆಲಸ ಸಿಗುವ ಸಾಧ್ಯತೆ ಸುಮಾರು ಮೂರು ಪಟ್ಟಾಯಿತು.

ಇದರಿಂದ ತೆಗೆದುಕೊಳ್ಳಬೇಕಾದ ತೀರ್ಮಾನ ಓದುವ ವಿಷಯದ ಮೇಲೆ ನಿಂತಿದೆ. ವಾಲ್ ಸ್ಟ್ರೀಟ್, ಮ್ಯಾನೇಜ್‌ಮೆಂಟ್ ಕನ್ಸಲ್ಟಿಂಗ್, ರಾಜಕಾರಣದತ್ತ ಹೊರಟವರಿಗೆ ಹೆಸರು ಬಾಗಿಲು ತೆರೆಯುತ್ತದೆ. ಕಂಪ್ಯೂಟರ್ ಸೈನ್ಸ್, ಎಂಜಿನಿಯರಿಂಗ್ ಓದುವವರಿಗೆ ಜಾರ್ಜಿಯಾ ಟೆಕ್, ಇಲಿನಾಯ್ ಅರ್ಬಾನಾ-ಶಾಂಪೇನ್, ಪರ್ಡ್ಯೂನಂಥ ಸರ್ಕಾರಿ ವಿಶ್ವವಿದ್ಯಾಲಯ ತಮ್ಮದೇ ರಾಜ್ಯದ ಫೀಸಿನಲ್ಲಿ ಸಿಕ್ಕರೆ ಐವಿಗಾಗಿ ಲಕ್ಷ ಡಾಲರ್ ಸಾಲ ಮಾಡಲು ಕಾರಣ ಕಾಣುವುದಿಲ್ಲ. ಡಾಕ್ಟರ್ ಆಗಬೇಕೆನ್ನುವವರಂತೂ ಮೊದಲ ಡಿಗ್ರಿಗೆ ಸಾಲ ಮಾಡಲೇಬಾರದು. 2025ರ ಜುಲೈನ ಅದೇ ಹೊಸ ಕಾನೂನು ಸ್ನಾತಕೋತ್ತರ ಓದಿನ ಗ್ರ್ಯಾಡ್ ಪ್ಲಸ್ ಸಾಲವನ್ನು ಹೊಸಬರಿಗೆ ನಿಲ್ಲಿಸಿ, ವೈದ್ಯಕೀಯ, ಕಾನೂನು ಪದವಿಗಳ ಫೆಡರಲ್ ಸಾಲಕ್ಕೆ ವರ್ಷಕ್ಕೆ 50,000, ಒಟ್ಟು 2 ಲಕ್ಷ ಡಾಲರ್ ಮಿತಿ ಹಾಕಿದೆ. ಮೆಡಿಕಲ್ ಸ್ಕೂಲಿನ ಖರ್ಚು ಬಹಳ ಕಡೆ ಅದನ್ನು ಮೀರುತ್ತದೆ.

ಸರ್ಕಾರದ ಕಾಲೇಜ್ ಸ್ಕೋರ್‌ಕಾರ್ಡ್ ಜಾಲತಾಣದಲ್ಲಿ ಕಾಲೇಜು ಮತ್ತು ವಿಷಯವಾರು ಸಂಬಳದ ಮಧ್ಯಾಂಕ ಸಿಗುತ್ತದೆ. ಕಾಲೇಜಿನ ಒಟ್ಟಾರೆ ಅಂಕಿ ನೋಡಬೇಡಿ, ವಿಷಯದ್ದನ್ನು ನೋಡಿ. ಒಟ್ಟು ಸಾಲ ಮೊದಲ ವರ್ಷದ ಸಂಬಳವನ್ನು ದಾಟದಿದ್ದರೆ ಹತ್ತು ವರ್ಷದಲ್ಲಿ ತೀರುತ್ತದೆ ಎಂಬುದು ಹಳೆಯ ಅಳತೆ. ಮಕ್ಕಳು ಮೇಜರ್ (ಮುಖ್ಯ ವಿಷಯ) ಬದಲಿಸುವುದು ಮಾಮೂಲಿಯಾದ್ದರಿಂದ ಆ ಸಂಬಳದ ಮುಕ್ಕಾಲನ್ನೇ ಗಡಿ ಎಂದುಕೊಳ್ಳುವುದು ಕ್ಷೇಮ.

ಎಚ್-4 ಮಕ್ಕಳಿಗೆ

ಎಚ್-1ಬಿ ಕೆಲಸದ ವೀಸಾದವರ ಮಕ್ಕಳಿಗೆ ಸಿಗುವ ಅವಲಂಬಿತ ವೀಸಾ ಎಚ್-4. ಇವರಿಗೆ ಫೆಡರಲ್ ನೆರವೂ ಇಲ್ಲ, ಫೆಡರಲ್ ಸಾಲವೂ ಇಲ್ಲ. ಇಲ್ಲೇ ಹೈಸ್ಕೂಲ್ ಓದಿದ್ದರೂ ಬಹಳ ಕಾಲೇಜುಗಳು ನೆರವಿನ ಮಟ್ಟಿಗೆ ವಿದೇಶಿಯರೆಂದೇ ಎಣಿಸುತ್ತವೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಡಾರ್ಟ್‌ಮತ್, ಆಮ್ಹರ್ಸ್ಟ್ ಮುಂತಾದ ಬೆರಳೆಣಿಕೆಯ ಕಡೆ ಮಾತ್ರ ನೆರವು ಕೇಳಿದ್ದು ವಿದೇಶಿಯರ ಪ್ರವೇಶಕ್ಕೆ ಅಡ್ಡಿಯಾಗುವುದಿಲ್ಲ. ಉಳಿದೆಡೆ ಆಗಬಹುದು. ಆದರೂ ಮೊದಲ ಅರ್ಜಿಯಲ್ಲೇ ಕೇಳಿ, ಆಗ ಕೇಳದವರಿಗೆ ಮುಂದೆ ಕೊಡದ ಕಾಲೇಜುಗಳಿವೆ. 21 ತುಂಬಿದರೆ ಎಚ್-4 ಮುಗಿದು ಎಫ್-1 ವಿದ್ಯಾರ್ಥಿ ವೀಸಾ ಆಗಬೇಕಾಗುತ್ತದೆ, ಆಗ ರಾಜ್ಯದ ರಿಯಾಯಿತಿ ಫೀಸು ಕೈತಪ್ಪಬಹುದು. ಅದನ್ನು ರಿಜಿಸ್ಟ್ರಾರ್ ಕಚೇರಿಯಿಂದ ಬರಹದಲ್ಲಿ ತಿಳಿದುಕೊಂಡೇ ಸೇರಿಸಿ.

ಕೊನೆಗೆ ಫೆಡರಲ್ ಸಾಲ ತೆಗೆಯುವುದೇ ಆದರೆ ಪೋರ್ಟಲಿನಲ್ಲಿ ತೋರಿಸಿದ ಮೊತ್ತವನ್ನು ಹಾಗೆಯೇ ಒಪ್ಪಬೇಡಿ. ಓದುವಾಗ ಬಡ್ಡಿ ಬೀಳದ ಸಬ್ಸಿಡೈಸ್ಡ್ ಸಾಲವನ್ನು ಮೊದಲು ಪೂರ್ತಿ ತೆಗೆದುಕೊಳ್ಳಿ, ಅನ್‌ಸಬ್ಸಿಡೈಸ್ಡ್ ಸಾಲದಲ್ಲಿ ಬೇಕಾದಷ್ಟನ್ನು ಮಾತ್ರ ನಮೂದಿಸಿ. ಹಣ ಬಿಡುಗಡೆಯಾದ 120 ದಿನಗಳೊಳಗೆ ಹಿಂದಿರುಗಿಸಿದ ಮೊತ್ತಕ್ಕೆ ಬಡ್ಡಿಯೂ ಇಲ್ಲ, ಶುಲ್ಕವೂ ಇಲ್ಲ.